ಮಿಕ್ಕ ಹಣವೂ ಮನೆಯೊಳಗಿನ ಆಯುಧವೂ: ಅನರ್ಥದಂಡವಿರತಿಯ ಒಂದು ಪಾಠ

ಶ್ರಾವಕನಿಗೆ ಹೇಳಿರುವ ಹನ್ನೆರಡು ವ್ರತಗಳಲ್ಲಿ ಉಪವಾಸಕ್ಕೆ ಸಂಬಂಧಿಸಿದುದನ್ನು ಎಲ್ಲರೂ ಬಲ್ಲರು. ಅಷ್ಟಮಿ ಚತುರ್ದಶಿಗಳು ಪಂಚಾಂಗದಲ್ಲಿಯೇ ಗುರುತಾಗಿರುತ್ತವೆ. ಮರೆತರೆ ಮನೆಯ ಹಿರಿಯರು ನೆನಪಿಸುವರು. ಆದರೆ ಗುಣವ್ರತಗಳಲ್ಲಿ ಒಂದಾದ ಅನರ್ಥದಂಡವಿರತಿಗೆ ತಿಥಿಯಿಲ್ಲ, ಪಾರಣೆಯಿಲ್ಲ. ಅದನ್ನು ಪಾಲಿಸಿದವನಿಗೆ ಹಸಿವಾಗುವುದಿಲ್ಲ. ಮುರಿದವನಿಗೂ ತಾನು ಮುರಿದೆನೆಂಬ ಅರಿವು ಸುಲಭವಾಗಿ ಬರುವುದಿಲ್ಲ. ಆದುದರಿಂದಲೇ ವ್ರತಧಾರಿಗಳು ತಮ್ಮ ಲೆಕ್ಕದಲ್ಲಿ ಕಡೆಗೆ ನೋಡುವ ಪುಟ ಇದೇ ಆಗಿರುತ್ತದೆ.

ಅರ್ಥವೆಂದರೆ ಪ್ರಯೋಜನ. ದಂಡವೆಂದರೆ ಮನ, ವಚನ, ಕಾಯಗಳ ಅಶುಭ ಪ್ರವೃತ್ತಿ. ಯಾವ ಪ್ರಯೋಜನವೂ ಇಲ್ಲದೆ ಜೀವಪೀಡೆಗೆ ದಾರಿಮಾಡುವುದು ಅನರ್ಥದಂಡ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಐದು ಬಗೆಗಳನ್ನು ಹೇಳಿರುವರು: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಇವುಗಳಲ್ಲಿ ಎರಡನೆಯದಾದ ಹಿಂಸಾದಾನವನ್ನು ವಿವರಿಸುವಾಗ ಅವರು ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಆಯುಧ, ವಿಷ, ಸಂಕೋಲೆ ಮೊದಲಾದ ಹಿಂಸೆಯ ಉಪಕರಣಗಳನ್ನು ಪರರಿಗೆ ಒದಗಿಸುವುದನ್ನು ಎಣಿಸಿರುವರು. ಈ ಪಟ್ಟಿಯಲ್ಲಿ ಕತ್ತಿಯ ಪಕ್ಕದಲ್ಲಿಯೇ ಗುದ್ದಲಿಯೂ ಇರುವುದು ಗಮನಾರ್ಹ. ಗುದ್ದಲಿಯಿಲ್ಲದೆ ರೈತನ ಮನೆ ನಡೆಯದು, ಕತ್ತಿಯಿಲ್ಲದೆ ನಡೆದೀತು. ಆಚಾರ್ಯರು ವಸ್ತುವನ್ನು ದೂಷಿಸುತ್ತಿಲ್ಲ. ಪ್ರಯೋಜನವಿದೆಯೇ ಇಲ್ಲವೇ ಎಂದು ಕೇಳುತ್ತಿದ್ದಾರೆ.

ಈ ಪ್ರಶ್ನೆಯನ್ನು ಇಂದಿನ ಒಂದು ಸನ್ನಿವೇಶಕ್ಕೆ ಅನ್ವಯಿಸಿ ನೋಡುವುದು ಉಪಯುಕ್ತ. ಸಿಂಧನೂರು ತಾಲ್ಲೂಕಿನ ತುರ್ವಿಹಾಳದಲ್ಲಿ ಒಬ್ಬ ಗೃಹಸ್ಥನಿರುವನೆಂದು ಭಾವಿಸಬೇಕು. ಇದು ದೃಷ್ಟಾಂತಕ್ಕಾಗಿ ಕಲ್ಪಿಸಿದ್ದೇ ಹೊರತು ಯಾರನ್ನೂ ಕುರಿತದ್ದಲ್ಲ. ತುಂಗಭದ್ರಾ ಅಣೆಕಟ್ಟಿನ ನೀರು 1953ರ ನಂತರ ಎಡದಂಡೆ ಕಾಲುವೆಯಲ್ಲಿ ಹರಿಯುವ ಮೊದಲು ಈ ಸೀಮೆಯ ಎರೆಭೂಮಿಯಲ್ಲಿ ಮಳೆಯನ್ನು ನಂಬಿದ ಜೋಳ, ಹತ್ತಿಗಳೇ ಮುಖ್ಯ. ಕಾಲುವೆ ಬಂದಮೇಲೆ ಭತ್ತ ಬಂದಿತು; ಭತ್ತದ ಹಿಂದೆ ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಕ್ಯಾಂಪುಗಳು, ಅಕ್ಕಿಯ ಗಿರಣಿಗಳು, ಟ್ರ್ಯಾಕ್ಟರುಗಳು ಬಂದವು; ಎಲ್ಲಕ್ಕೂ ಹಿಂದೆ ಅನೇಕ ಮನೆಗಳಿಗೆ ಖರ್ಚು ಕಳೆದು ಮಿಗುವ ಹಣವೂ ಬಂದಿತು. ಅದು ಪ್ರತಿವರ್ಷ ಮಿಗುವುದೆಂಬ ಭರವಸೆಯಿಲ್ಲ. 2024ರ ಆಗಸ್ಟ್ ತಿಂಗಳಲ್ಲಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಈ ಭಾಗದ ರೈತರು ಎಷ್ಟು ರಾತ್ರಿ ನಿದ್ದೆಗೆಟ್ಟರೆಂಬುದು ಅವರಿಗೇ ಗೊತ್ತು. ಹೀಗಿದ್ದೂ ಒಂದು ಒಳ್ಳೆಯ ಸುಗ್ಗಿಯ ತರುವಾಯ ಈ ಗೃಹಸ್ಥನ ಕೈಯಲ್ಲಿ ಒಂದು ಮೊತ್ತ ಉಳಿದಿದೆ. ಅಜ್ಜನ ಕಾಲದಿಂದ ಬೆಳೆರಕ್ಷಣೆಯ ಪರವಾನಿಗೆಯ ಮೇಲೆ ಇರುವ ಒಂದು ಬಂದೂಕು ಮನೆಯಲ್ಲಿದೆ. ಈಗ ಹೊಸ ಮಾದರಿಯದೊಂದನ್ನು ಕೊಳ್ಳಬೇಕು, ತೋಟೆಗಳನ್ನು ಹೆಚ್ಚಾಗಿ ತರಬೇಕು, ಸಾಧ್ಯವಾದರೆ ಹಾರಿಸಿದ ತೋಟೆಗೆ ಮತ್ತೆ ಮದ್ದು ತುಂಬುವ ಸಲಕರಣೆಯನ್ನೂ ತರಿಸಿಕೊಳ್ಳಬೇಕು ಎಂದು ಅವನಿಗೆ ಆಸೆ ಹುಟ್ಟಿದೆ. ಅವನು ಯಾರನ್ನೂ ಕೊಲ್ಲಬೇಕೆಂದಿಲ್ಲ. ಬೇಟೆಗೂ ಹೋಗುವವನಲ್ಲ. ಸ್ವಂತ ದುಡಿಮೆಯ ಹಣ, ಸಾಲವಿಲ್ಲ. ದೋಷವೆಲ್ಲಿದೆ?

ಈ ಪ್ರಶ್ನೆಗೆ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉತ್ತರವಿದೆ. ಪಾಠಶಾಲೆಗಳಲ್ಲಿ ಈ ಭಾಗವನ್ನು ಸಂಖ್ಯೆಗಳ ಪಟ್ಟಿಯೆಂದು ಬಾಯಿಪಾಠ ಮಾಡಿಸಿ ಮುಂದೆ ಹೋಗುವ ರೂಢಿಯುಂಟು. ಆದರೆ ಉಮಾಸ್ವಾಮಿಗಳು ಅಲ್ಲಿ ಹೇಳಿರುವುದು ಗೃಹಸ್ಥನ ನಿತ್ಯಜೀವನಕ್ಕೆ ಬಹಳ ಹತ್ತಿರದ ಮಾತು. ಕರ್ಮದ ಆಸ್ರವಕ್ಕೆ ಆಧಾರವಾದುದನ್ನು ಅಧಿಕರಣವೆನ್ನುವರು. ಅದು ಜೀವಾಧಿಕರಣ, ಅಜೀವಾಧಿಕರಣ ಎಂದು ಎರಡು ವಿಧ.

ಜೀವಾಧಿಕರಣಕ್ಕೆ ಮೂರು ಮೆಟ್ಟಿಲುಗಳು: ಸಂರಂಭ, ಸಮಾರಂಭ, ಆರಂಭ. ಕಾರ್ಯವನ್ನು ಮಾಡಬೇಕೆಂಬ ಪ್ರಯತ್ನಪೂರ್ವಕವಾದ ಸಂಕಲ್ಪ ಸಂರಂಭ. ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸಿ ಅಣಿಮಾಡಿಕೊಳ್ಳುವುದು ಸಮಾರಂಭ. ಕಾರ್ಯವನ್ನು ತೊಡಗುವುದು ಆರಂಭ. ಇಂದಿನ ಕನ್ನಡದಲ್ಲಿ ಸಮಾರಂಭವೆಂದರೆ ಚಪ್ಪರ, ವಾದ್ಯ, ಊಟಗಳ ಸಂಭ್ರಮವಾಗಿದೆ. ಶಬ್ದಕ್ಕೆ ಬಂದಿರುವ ಈ ಹೊಸ ಅರ್ಥ ಸೂತ್ರದ ಅರ್ಥವನ್ನು ಮರೆಸಬಾರದು. ಈ ಮೂರನ್ನು ಮನ, ವಚನ, ಕಾಯಗಳೆಂಬ ಮೂರು ಯೋಗಗಳಿಂದಲೂ, ತಾನೇ ಮಾಡುವುದು, ಮಾಡಿಸುವುದು, ಒಪ್ಪುವುದು ಎಂಬ ಮೂರರಿಂದಲೂ, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ ನೂರೆಂಟು ಭೇದಗಳಾಗುತ್ತವೆ. ಜಪಮಾಲೆಯ ನೂರೆಂಟು ಮಣಿಗಳಿಗೆ ಹಿರಿಯರು ಹೇಳುವ ಕಾರಣ ಇದೇ. ಮಣಿಯನ್ನು ಸರಿಸುವ ಬೆರಳು ಪ್ರತಿಯೊಂದಕ್ಕೂ ಪಾಪದ ಒಂದೊಂದು ಬಾಗಿಲನ್ನು ಮುಚ್ಚುತ್ತಿದೆಯೆಂದು ಭಾವ.

ಇಲ್ಲಿ ನೂರೆಂಟರಲ್ಲಿ ಮೂವತ್ತಾರು ಸಮಾರಂಭಕ್ಕೆ ಸೇರಿದವು. ಅಂದರೆ ಕಾರ್ಯ ಇನ್ನೂ ನಡೆದಿಲ್ಲ, ನಡೆಯದೆಯೂ ಹೋಗಬಹುದು. ಸಾಧನವನ್ನು ಕೂಡಿಸಿದ್ದಷ್ಟೇ ಆಗಿದೆ. ಆದರೂ ಅದು ಲೆಕ್ಕಕ್ಕೆ ಬಂದಿದೆ. ತುರ್ವಿಹಾಳದ ಗೃಹಸ್ಥನು ‘ಕೊಲ್ಲುವುದಿಲ್ಲವಲ್ಲ’ ಎಂದು ಹೇಳುವಾಗ ಆರಂಭವನ್ನು ಮಾತ್ರ ನೋಡುತ್ತಿದ್ದಾನೆ. ಸೂತ್ರಕಾರರು ಅವನ ಕೈಯಲ್ಲಿರುವ ಹಣದ ಚೀಲವನ್ನೂ ನೋಡುತ್ತಿದ್ದಾರೆ.

ಅಜೀವಾಧಿಕರಣವು ಇದಕ್ಕಿಂತಲೂ ಸ್ಪಷ್ಟ. ಅದು ನಿರ್ವರ್ತನೆ, ನಿಕ್ಷೇಪ, ಸಂಯೋಗ, ನಿಸರ್ಗ ಎಂದು ನಾಲ್ಕು ಬಗೆ. ಒಳಭೇದಗಳು ಕ್ರಮವಾಗಿ ಎರಡು, ನಾಲ್ಕು, ಎರಡು, ಮೂರು. ನಿರ್ವರ್ತನೆಯೆಂದರೆ ನಿರ್ಮಿಸುವುದು, ನಿಕ್ಷೇಪವೆಂದರೆ ಇಡುವುದು, ಸಂಯೋಗವೆಂದರೆ ಕೂಡಿಸುವುದು, ನಿಸರ್ಗವೆಂದರೆ ಪ್ರವರ್ತಿಸುವುದು. ತೋಟೆಗೆ ಮರಳಿ ಮದ್ದು ತುಂಬುವ ಕೆಲಸವನ್ನು ಎದುರಿಗಿಟ್ಟುಕೊಂಡು ಈ ಪದಗಳನ್ನು ಓದಿದರೆ ಸಾವಿರಾರು ವರ್ಷಗಳ ಅಂತರ ಮಾಯವಾಗುತ್ತದೆ. ತೋಟೆಯಲ್ಲಿರುವುದು ನಾಲ್ಕು ಅಂಗ: ಹೊರಗಿನ ಕೊಳವೆ, ಹಿಂಬದಿಯ ಕೇಪು, ಒಳಗಿನ ಮದ್ದು, ಮುಂದಿನ ಗುಂಡು ಅಥವಾ ಚರೆ. ಹಾರಿಸಿದ ಮೇಲೆ ಉಳಿಯುವುದು ಬರಿಯ ಕೊಳವೆ. ಒಂದೊಂದಾಗಿ ನೋಡಿದರೆ ಹಿತ್ತಾಳೆಯ ಚೂರು, ಸೀಸದ ಕಾಳು, ಒಂದು ಚಿಟಿಕೆ ಪುಡಿ. ಇವನ್ನು ಕೂಡಿಸುವ ಯಂತ್ರದ ಕೆಲಸವೇ ಸಂಯೋಗ. ಬೇರೆಯಾಗಿದ್ದಾಗ ನಿರುಪದ್ರವಿಯಾಗಿದ್ದವು ಒಂದಾದಾಗ ಪ್ರಾಣಹಾರಿಯಾಗುತ್ತವೆ. ಮಲೆನಾಡಿನ ಕೇಪಿನ ಕೋವಿಯಲ್ಲಿ ಈ ಸಂಯೋಗ ಪ್ರತಿಯೊಂದು ಈಡಿಗೂ ಕೊಳವೆಯೊಳಗೇ ನಡೆಯುತ್ತಿತ್ತು: ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಗಜದಿಂದ ಗಿಡಿದು, ಕೇಪು ಇಡುವವರೆಗೆ ಮೃಗವೂ ಓಡಿಹೋಗುತ್ತಿತ್ತು, ಮನುಷ್ಯನ ಕೋಪವೂ ಅರ್ಧ ಇಳಿಯುತ್ತಿತ್ತು. ಮೊದಲೇ ತುಂಬಿಟ್ಟ ತೋಟೆಯಲ್ಲಿ ಆ ಅವಕಾಶವಿಲ್ಲ.

ಶ್ವೇತಾಂಬರ ಸಂಪ್ರದಾಯದಲ್ಲಿ ಅನರ್ಥದಂಡವ್ರತದ ಅತಿಚಾರಗಳನ್ನು ಹೇಳುವಾಗ ಸಂಯುಕ್ತಾಧಿಕರಣವೆಂಬ ಹೆಸರು ಬರುತ್ತದೆ. ಒರಳಿನಲ್ಲಿಯೇ ಒನಕೆಯನ್ನು, ನೇಗಿಲಿಗೆ ಗುಳವನ್ನು, ಬಿಲ್ಲಿಗೆ ಬಾಣವನ್ನು ಜೋಡಿಸಿಯೇ ಇಡುವುದು ಅತಿಚಾರವೆಂದು ವ್ಯಾಖ್ಯಾನ. ಬಳಸಿದ ಮೇಲೆ ಬೇರ್ಪಡಿಸಿ ಇಡಬೇಕು. ಜೋಡಿಸಿಟ್ಟರೆ ಯಾರ ಕೈಗೆ ಸಿಕ್ಕರೂ ತಟ್ಟನೆ ಕೆಲಸಮಾಡುವುದು. ದಿಗಂಬರ ಆಚಾರ್ಯರು ಈ ಸ್ಥಾನದಲ್ಲಿ ಹೇಳುವ ಅಸಮೀಕ್ಷ್ಯಾಧಿಕರಣವು, ವಿಚಾರಿಸದೆ ಬೇಕಾದುದಕ್ಕಿಂತ ಹೆಚ್ಚು ಉಪಕರಣಗಳನ್ನು ಹೂಡುವುದು. ಎರಡೂ ಸಂಪ್ರದಾಯಗಳ ಮಾತು ಒಂದೇ ಮನೆಯ ಎರಡು ಬಾಗಿಲುಗಳಂತೆ.

ನಿಕ್ಷೇಪದ ನಾಲ್ಕು ಭೇದಗಳೂ ಮನೆಯೊಳಗಿನ ಬಂದೂಕಿಗೆ ನೇರವಾಗಿ ಅನ್ವಯಿಸುತ್ತವೆ: ನೋಡದೆ ಇಡುವುದು, ಸರಿಯಾಗಿ ಒರೆಸದೆ ಇಡುವುದು, ಅವಸರದಲ್ಲಿ ಇಡುವುದು, ಮನಸ್ಸಿಲ್ಲದೆ ಎಲ್ಲೋ ಇಡುವುದು. ಖಾಲಿಯೆಂದು ತಿಳಿದ ಬಂದೂಕಿನಿಂದ, ಮೂಲೆಯಲ್ಲಿ ಒರಗಿಸಿಟ್ಟ ಬಂದೂಕಿನಿಂದ ಮಕ್ಕಳು ಸತ್ತ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಅಲ್ಲಿ ಕೊಲ್ಲುವ ಸಂಕಲ್ಪ ಯಾರಿಗೂ ಇರಲಿಲ್ಲ. ಪ್ರಮಾದವೊಂದೇ ಸಾಕಾಯಿತು. ಹಿಂಸೆಯ ಲಕ್ಷಣವನ್ನು ಹೇಳುವಾಗ ಸೂತ್ರಕಾರರು ಪ್ರಮತ್ತಯೋಗವನ್ನು ಮೊದಲಿಟ್ಟಿರುವುದು ಇಂತಹುದಕ್ಕಾಗಿಯೇ.

ಆಶ್ಚರ್ಯವೆಂದರೆ ದೇಶದ ಕಾನೂನೂ ಇದೇ ದಿಕ್ಕಿನಲ್ಲಿ ಯೋಚಿಸಿರುವುದು. 1959ರ ಆಯುಧ ಅಧಿನಿಯಮವು ಮದ್ದುಗುಂಡು ಎಂಬ ಪದವನ್ನು ವಿವರಿಸುವಾಗ, ಅದರ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಗಳನ್ನೂ ಅದರಲ್ಲಿಯೇ ಸೇರಿಸಿದೆ. ಯಂತ್ರದಲ್ಲಿ ಮದ್ದಿಲ್ಲ, ಗುಂಡಿಲ್ಲ. ಆದರೂ ಕಾನೂನಿನ ಕಣ್ಣಿಗೆ ಅದು ಮದ್ದುಗುಂಡೇ. ಅಜೀವಾಧಿಕರಣವನ್ನು ಇದಕ್ಕಿಂತ ಚೆನ್ನಾಗಿ ವಕೀಲರು ವಿವರಿಸಲಾರರು. ಪರವಾನಿಗೆಯಿಲ್ಲದೆ ಆಯುಧವನ್ನಾಗಲಿ ಮದ್ದುಗುಂಡನ್ನಾಗಲಿ ತಯಾರಿಸುವುದು ಅದೇ ಅಧಿನಿಯಮದ 5ನೆಯ ಕಲಮಿನಂತೆ ನಿಷಿದ್ಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಏಳು ವರ್ಷಗಳಿಗೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ವಿಸ್ತರಿಸಬಹುದಾದ ಶಿಕ್ಷೆಯಿದೆ. ಅದೇ ತಿದ್ದುಪಡಿ ಒಬ್ಬ ಸಾಮಾನ್ಯ ಪರವಾನಿಗೆದಾರನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮೂರನೆಯದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕೆಂದು ವಿಧಿಸಿತು. ಮದುವೆ ಮೆರವಣಿಗೆಗಳಲ್ಲಿ ಸಂತೋಷಕ್ಕಾಗಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತರುವುದಕ್ಕೆ ಎರಡು ವರ್ಷಗಳವರೆಗಿನ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗಿನ ದಂಡ ಅಥವಾ ಎರಡೂ ಎಂದು ಗೊತ್ತುಮಾಡಿತು. ರಾಜ್ಯವು ಪರಿಗ್ರಹಕ್ಕೆ ಪರಿಮಾಣ ಹಾಕಿದೆ. ರಾಜದಂಡದ ಭಯದಿಂದ ಎರಡಕ್ಕೆ ನಿಲ್ಲಿಸಿದವನಿಗೆ ವ್ರತದ ಫಲವಿಲ್ಲವೆಂಬುದು ಬೇರೆ ಮಾತು.

ಇಷ್ಟು ಹೇಳಿದ ಮೇಲೆ ಶಂಕೆಗಳು ಏಳುವುದು ಸಹಜ. ಏಳದಿದ್ದರೆ ಪಾಠ ಹತ್ತಿಲ್ಲವೆಂದೇ ತಿಳಿಯಬೇಕು.

ಮೊದಲನೆಯ ಶಂಕೆ ಬಲವಾದದ್ದು. ಜೈನರು ಆಯುಧವನ್ನು ಹಿಡಿದಿಲ್ಲವೇ? ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನು ಗಂಗರ ಸೇನಾಪತಿ. ಸಮರಪರಶುರಾಮ, ವೀರಮಾರ್ತಂಡ ಮೊದಲಾದ ಬಿರುದುಗಳು ಅವನಿಗೆ ಉಪವಾಸದಿಂದ ಬಂದವಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನೂ ಪರಮ ಜಿನಭಕ್ತ. ಹಾಗಿರುವಾಗ ತುರ್ವಿಹಾಳದ ಗೃಹಸ್ಥನಿಗೆ ಮಾತ್ರ ಏಕೆ ಕಟ್ಟು?

ಸಮಾಧಾನ: ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಭಾಗಿಸಿದೆ. ಅಣುವ್ರತಿಯು ಪೂರ್ತಿಯಾಗಿ ಬಿಡಬೇಕಾದುದು ಸಂಕಲ್ಪೀಹಿಂಸೆಯನ್ನು. ಅಡಿಗೆ ಮನೆಗೆಲಸಗಳಲ್ಲಿ, ಉದ್ಯೋಗದಲ್ಲಿ, ತನ್ನನ್ನೂ ತನ್ನವರನ್ನೂ ಕಾಯುವಲ್ಲಿ ಆಗುವುದನ್ನು ಕಡಿಮೆಮಾಡುತ್ತ ಹೋಗಬೇಕೆಂದಿದೆಯೇ ಹೊರತು ಕೂಡಲೇ ಬಿಡಬೇಕೆಂದಿಲ್ಲ. ಸೇನಾಪತಿಯ ಕತ್ತಿಗೆ ಪ್ರಯೋಜನವಿತ್ತು. ಅದು ರಾಜ್ಯದ ಹೊಣೆಯಿಂದ ಅವನ ಕೈಗೆ ಬಂದಿತ್ತು. ಊರ ಹೊರಗಿನ ಹೊಲದಮನೆಯಲ್ಲಿ ಒಂಟಿಯಾಗಿರುವ ರೈತನ ಒಂದು ಬಂದೂಕಿಗೂ ಪ್ರಯೋಜನವಿರಬಹುದು. ಬೆಳೆ ಕಾಯುವವನು ಗಾಳಿಯಲ್ಲಿ ಒಂದು ಗುಂಡು ಹಾರಿಸಿ ಹಂದಿಗಳನ್ನು ಬೆದರಿಸಿದರೆ ಅದನ್ನು ಅನರ್ಥವೆನ್ನಲಾಗದು. ಆದರೆ ರಾಯಚೂರು ಕೊಪ್ಪಳದ ಹೊಲಗಳಿಗೆ ಹಿಂಡಾಗಿ ಬರುವ ಕೃಷ್ಣಮೃಗವನ್ನು ಬೆಳೆರಕ್ಷಣೆಯ ಪರವಾನಿಗೆಯಿಂದ ಕೊಲ್ಲಲು ಬಾರದು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಲ್ಲಿ ಅದು ಮೊದಲನೆಯ ಅನುಸೂಚಿಗೆ ಸೇರಿದೆ. ಇರಲಿ. ರಕ್ಷಣೆಯ ಪ್ರಯೋಜನ ಮೊದಲನೆಯ ಬಂದೂಕಿನಲ್ಲಿಯೇ ತೀರಿತು. ಎರಡನೆಯದನ್ನು ಕೊಳ್ಳುವಾಗ ಕಳ್ಳನ ಹೆಸರು ಹೇಳುವವನು ಕಳ್ಳನಿಗೂ ಅನ್ಯಾಯ ಮಾಡುತ್ತಾನೆ.

ಇದೇ ಸಂದರ್ಭದಲ್ಲಿ ಆಯುಧವನ್ನು ಗೌರವದ ಕುರುಹಾಗಿ ಇಟ್ಟುಕೊಂಡ ಇತರ ಕನ್ನಡ ನಾಡವರನ್ನೂ ನೆನೆಯಬೇಕು. ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಂಪನಿ ಸರ್ಕಾರದ ಕಾಯಿದೆಯನ್ನು ಧಿಕ್ಕರಿಸಿ ಪ್ರಾಣಕೊಟ್ಟರು. ಅವರಿಗೆ ಆಯುಧವು ಅನ್ನವೂ ಮಾನವೂ ಆಗಿತ್ತು. ಕೊಡಗಿನವರಿಗೆ 1861ರಲ್ಲಿಯೇ ಆ ಕಾಯಿದೆಯಿಂದ ವಿನಾಯಿತಿ ದೊರೆಯಿತು; ಸ್ವಾತಂತ್ರ್ಯದ ನಂತರವೂ ಅದು ಮುಂದುವರಿದು, 2019ರಲ್ಲಿ ಕೇಂದ್ರ ಸರ್ಕಾರವು ಕೊಡವರಿಗೂ ಜಮ್ಮಾ ಭೂಮಿಯುಳ್ಳವರಿಗೂ 2029ರವರೆಗೆ ಅದನ್ನು ವಿಸ್ತರಿಸಿತು; 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ತೋಕನ್ನು ಪೂಜಿಸುವರು. ಅದು ಅವರ ಕುಲಾಚಾರ. ಅದರ ವಿಮರ್ಶೆ ಇಲ್ಲಿನ ವಿಷಯವಲ್ಲ. ಇಲ್ಲಿ ಗಮನಿಸತಕ್ಕದ್ದೆಂದರೆ, ಹಲಗಲಿಯ ಬೇಡನಿಗಾಗಲಿ ಕೊಡವನಿಗಾಗಲಿ ಆಯುಧವು ಮಿಕ್ಕ ಹಣದಿಂದ ಬಂದ ವಿನೋದವಲ್ಲ. ಅವರ ದೃಷ್ಟಾಂತವನ್ನು ತೋರಿಸಿ ತನ್ನ ಷೋಕಿಯನ್ನು ಸಮರ್ಥಿಸುವುದು ಅವರಿಗೂ ಗೌರವವಲ್ಲ.

ಎರಡನೆಯ ಶಂಕೆ: ಗುರಿಗೆ ಮಾತ್ರ ಹೊಡೆದರೆ ಹಿಂಸೆಯೆಲ್ಲಿ? ಕಾಗದಕ್ಕೆ ಪ್ರಾಣವಿಲ್ಲವಲ್ಲ?

ಜನ್ನಕವಿಯ ಯಶೋಧರಚರಿತೆಯನ್ನು ಓದಿದವರಿಗೆ ಹಿಟ್ಟಿನ ಹುಂಜದ ನೆನಪು ಬರದಿರದು. ಯಶೋಧರನೂ ಅವನ ತಾಯಿ ಚಂದ್ರಮತಿಯೂ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಅದಕ್ಕೂ ಪ್ರಾಣವಿರಲಿಲ್ಲ, ಆದರೂ ಭವಭವಗಳಲ್ಲಿ ಪಶುಜನ್ಮವನ್ನು ತಳೆದು ನೊಂದರು. ಕೆಲವರು ಈ ಕಥೆಯನ್ನು ಮುಂದಿಟ್ಟು ಗುರಿಹೊಡೆಯುವ ಕ್ರೀಡೆಯೆಲ್ಲವೂ ಹಿಂಸೆಯೆಂದು ತೀರ್ಮಾನಿಸುವರು. ಅದು ಅವಸರದ ತೀರ್ಪು. ಹಿಟ್ಟಿನ ಹುಂಜದಲ್ಲಿ ಕೊಲ್ಲುತ್ತೇನೆಂಬ ಸಂಕಲ್ಪವಿತ್ತು. ಹಿಟ್ಟು ಹುಂಜದ ಪ್ರತಿನಿಧಿಯಾಗಿತ್ತು. ವೃತ್ತಗಳನ್ನು ಬರೆದ ಕಾಗದ ಯಾರ ಪ್ರತಿನಿಧಿಯೂ ಅಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತಕ್ಕೆ ಬಂದೂಕಿನ ಗುರಿಯಲ್ಲಿ ಮೂರು ಕಂಚಿನ ಪದಕಗಳು ಬಂದವು. ಆ ತರುಣ ತರುಣಿಯರ ಏಕಾಗ್ರತೆಯನ್ನು ರೌದ್ರಧ್ಯಾನವೆಂದು ಕರೆಯಲು ಶಾಸ್ತ್ರದ ಆಧಾರವಿಲ್ಲ. ಆದರೆ ಅದೇ ಕಾಗದದ ಮೇಲೆ ಮನುಷ್ಯನ ಆಕೃತಿಯನ್ನು ಬರೆದು ಎದೆಗೆ ಗುರಿಯಿಟ್ಟರೆ ವಿನೋದಕ್ಕಾಗಿ ಹೊಡೆಯುವವನು ಹಿಟ್ಟಿನ ಹುಂಜದ ಬಳಿಗೇ ಬಂದಂತಾಯಿತು. ಮನೆಯಲ್ಲಿ ಕುಳಿತು, ಕಳ್ಳ ಈ ಕಿಟಕಿಯಿಂದ ಬಂದರೆ ಹೀಗೆ, ಆ ಬಾಗಿಲಿಂದ ಬಂದರೆ ಹಾಗೆ ಎಂದು ಕಲ್ಪಿಸಿ ಸುಖಿಸುವುದು ಅಪಧ್ಯಾನ. ಆಯುಧಗಳ ಬೆಲೆಪಟ್ಟಿಗಳನ್ನೂ ಕಾಳಗದ ಚಿತ್ರಗಳನ್ನೂ ಗಂಟೆಗಟ್ಟಲೆ ನೋಡುವುದು ದುಃಶ್ರುತಿಯ ಇಂದಿನ ರೂಪ. ಬಂದೂಕು ಒಂದೇ; ಅನರ್ಥದಂಡದ ಐದರಲ್ಲಿ ಮೂರು ಅದರ ಸುತ್ತ ನೆರೆದಿವೆ.

ಚತುರ್ದಶಿಯ ಉಪವಾಸವಿದ್ದು, ಅಡಿಗೆಮನೆಯ ಕಡೆ ಹೋಗದೆ, ಹೊತ್ತು ಕಳೆಯಲೆಂದು ಪಡಸಾಲೆಯಲ್ಲಿ ಬಂದೂಕನ್ನು ಬಿಚ್ಚಿ ಎಣ್ಣೆ ಹಚ್ಚುತ್ತ ಕೂರುವವರೂ ಇರಬಹುದು. ಪ್ರೋಷಧದ ದಿನ ಆರಂಭವನ್ನು ಬಿಡಬೇಕೆಂದಿದೆ. ಒಲೆ ಹಚ್ಚುವುದಷ್ಟೇ ಆರಂಭವೆಂದು ತಿಳಿದರೆ ಇಂತಹ ಉಪವಾಸವಾಗುತ್ತದೆ.

ಮೂರನೆಯ ಶಂಕೆ ಹಣದ್ದು. ಹಾರಿಸಿದ ತೋಟೆಗೆ ಮತ್ತೆ ಮದ್ದು ತುಂಬಿದರೆ ಖರ್ಚು ಕಡಿಮೆಯಾಗುತ್ತದೆ; ಮಿತವ್ಯಯ ಗುಣವಲ್ಲವೇ? ನಮ್ಮ ದೇಶದಲ್ಲಿ ಕಾನೂನು ಅಡ್ಡವಾದರೂ ಅಮೆರಿಕ ಮುಂತಾದ ಕಡೆ ಅದು ಮನೆಮನೆಯ ಹವ್ಯಾಸ. ಅಲ್ಲಿ ನೆಲೆಸಿದ ಕನ್ನಡ ಕುಟುಂಬದವರು ಕೊಂಡರೆ ಅಪರಾಧವೇನು?

ಅಪರಾಧವಿಲ್ಲದಿರಬಹುದು. ವ್ರತದ ಪ್ರಶ್ನೆ ಅಪರಾಧದ್ದಲ್ಲ. ತೋಟೆಯೊಂದಕ್ಕೆ ತಗಲುವ ವೆಚ್ಚ ಅರ್ಧಕ್ಕಿಳಿದಾಗ ಆ ಹವ್ಯಾಸದವನು ಅರ್ಧ ಹಣವನ್ನು ಪೆಟ್ಟಿಗೆಗೆ ಹಾಕುವುದಿಲ್ಲ. ಎರಡರಷ್ಟು ತೋಟೆ ಹಾರಿಸುತ್ತಾನೆ. ಯಂತ್ರ, ತಕ್ಕಡಿ, ಅಚ್ಚುಗಳಿಗೆ ಮೊದಲೇ ಹಾಕಿದ ಹಣ ಮರಳಬೇಕಲ್ಲ! ಮಿತವ್ಯಯದ ಹೆಸರಿನಲ್ಲಿ ವ್ಯಯವೂ ಬೆಳೆಯಿತು, ಸಂಗ್ರಹವೂ ಬೆಳೆಯಿತು. ಪರಿಗ್ರಹಪರಿಮಾಣದ ಅತಿಚಾರಗಳಲ್ಲಿ ಸಮಂತಭದ್ರರು ಅತಿಸಂಗ್ರಹವನ್ನೂ, ಪರರ ಸಂಪತ್ತನ್ನು ಕಂಡು ಬೆರಗಾಗುವ ವಿಸ್ಮಯವನ್ನೂ ಹೇಳಿರುವರು. ಯಾರ ಬಳಿ ಎಷ್ಟು ಬಂದೂಕಿದೆ, ಯಾವ ಊರಿನ ಕಾರ್ಖಾನೆಯದು ಎಂದು ಬೆರಗಾಗುವವನಿಗೆ ಎರಡನೆಯದು ಬೇಕಾಗುವುದು ರಕ್ಷಣೆಗಲ್ಲ. ತನ್ನನ್ನು ಕಂಡು ಮತ್ತೊಬ್ಬನು ಬೆರಗಾಗಲೆಂದು.

ಆಯುಧಶಾಲೆಯೊಂದು ಮನೆಯೊಳಗೆ ಬೆಳೆದರೆ ಏನಾಗುವುದೆಂಬುದನ್ನು ಆದಿಪುರಾಣದ ಭರತನ ಕಥೆಯಲ್ಲಿ ಕಾಣಬಹುದು. ಭರತನಿಗೆ ಒಂದೇ ದಿನ ಮೂರು ಸುದ್ದಿಗಳು ಬಂದವು: ತಂದೆ ಆದಿನಾಥರಿಗೆ ಕೇವಲಜ್ಞಾನವಾಯಿತು, ಮಗ ಹುಟ್ಟಿದನು, ಆಯುಧಶಾಲೆಯಲ್ಲಿ ಚಕ್ರರತ್ನ ಹುಟ್ಟಿತು. ಅವನು ಮೊದಲು ಜಿನಪೂಜೆಗೆ ಹೋದನು. ಇಷ್ಟನ್ನು ಎಲ್ಲರೂ ಹೇಳುವರು, ಪ್ರಶಂಸಿಸುವರು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಚಕ್ರ ಆಯುಧಶಾಲೆಯಲ್ಲಿ ಕಾಯುತ್ತಿತ್ತು. ದಿಗ್ವಿಜಯ ಮುಗಿಸಿ ಅಯೋಧ್ಯೆಯ ಬಾಗಿಲಿಗೆ ಬಂದಾಗ ಅದು ಒಳಗೆ ಹೋಗಲೊಲ್ಲದೆ ನಿಂತುಬಿಟ್ಟಿತು. ತಮ್ಮಂದಿರು ಇನ್ನೂ ಮಣಿದಿಲ್ಲವೆಂಬುದು ಅದಕ್ಕೆ ಕಾರಣ. ಆ ಕ್ಷಣದಿಂದ ಭರತನು ಚಕ್ರವನ್ನು ನಡೆಸುತ್ತಿಲ್ಲ. ಚಕ್ರವೇ ಭರತನನ್ನು ನಡೆಸುತ್ತಿದೆ. ತೊಂಬತ್ತೆಂಟು ಮಂದಿ ತಮ್ಮಂದಿರು ದೀಕ್ಷೆ ವಹಿಸಿ ಹೊರಟುಹೋದರು. ಬಾಹುಬಲಿಯೊಡನೆ ಸೈನ್ಯಗಳ ಕಾಳಗ ಬೇಡವೆಂದು ಮಂತ್ರಿಗಳು ದೃಷ್ಟಿ, ಜಲ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ಮೂರರಲ್ಲಿಯೂ ಸೋತ ಭರತನ ಕೈ ಚಕ್ರದ ಕಡೆಗೆ ಹೋಯಿತು. ಒಡಹುಟ್ಟಿದವನ ಮೇಲೆ ಅದನ್ನು ಪ್ರಯೋಗಿಸುವೆನೆಂದು ಮೊದಲೇ ಸಂಕಲ್ಪಿಸಿದ್ದನೆಂದು ಪುರಾಣ ಹೇಳುವುದಿಲ್ಲ. ಕೋಪ ಬಂದಿತು, ಆಯುಧ ಸಿದ್ಧವಾಗಿತ್ತು. ಚಕ್ರವು ಬಾಹುಬಲಿಗೆ ಬಲವಂದು ನಿಂತದ್ದು ಅವನ ಪುಣ್ಯ. ಮನೆಯ ಪಡಸಾಲೆಯ ಬಂದೂಕಿನಿಂದ ಹೊರಟದ್ದು ಹಾಗೆ ಬಲವಂದು ನಿಲ್ಲುವುದಿಲ್ಲ. ಹೊಲದ ಬದುವಿನ ಜಗಳ, ಕಾಲುವೆಯ ನೀರಿನ ಸರದಿಯ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ ಯಾವ ಊರಿನಲ್ಲಿ ಇಲ್ಲ? ಬಡಿಗೆಯಿದ್ದ ಮನೆಯಲ್ಲಿ ತಲೆ ಒಡೆದು ಮುಗಿಯುವುದು, ತುಂಬಿದ ಬಂದೂಕಿದ್ದ ಮನೆಯಲ್ಲಿ ಅಷ್ಟಕ್ಕೆ ಮುಗಿಯದು.

ಮಿಕ್ಕ ಹಣಕ್ಕೆ ದಾರಿಗಳಿಲ್ಲವೆಂದಲ್ಲ. ತುರ್ವಿಹಾಳಕ್ಕೆ ನೆರೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನ ಅಶೋಕನ ಹೆಸರನ್ನೇ ಹೇಳಿ ಲೋಕಪ್ರಸಿದ್ಧವಾಯಿತು. ಅದೇ ಅರಸನು ತನ್ನ ಎಂಟನೆಯ ಶಿಲಾಶಾಸನದಲ್ಲಿ, ಹಿಂದಿನ ರಾಜರು ಬೇಟೆ ಮೊದಲಾದ ವಿನೋದಗಳ ವಿಹಾರಯಾತ್ರೆಗೆ ಹೊರಡುತ್ತಿದ್ದರೆಂದೂ ತಾನು ಅದರ ಸ್ಥಾನದಲ್ಲಿ ಧರ್ಮಯಾತ್ರೆಯನ್ನು ಮಾಡಿದೆನೆಂದೂ ಹೇಳಿಕೊಂಡಿರುವನು. ಹೊತ್ತೂ ಹಣವೂ ಅವೇ. ಹೋಗುವ ದಾರಿ ಬದಲಾಯಿತು. ಜೈನರಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆ ಅತ್ತಿಮಬ್ಬೆಯದು. ಅವಳ ಪತಿ ನಾಗದೇವನು ಚಾಳುಕ್ಯರ ದಂಡನಾಯಕ. ಆಯುಧಗಳ ಮನೆಗೆ ಸೊಸೆಯಾಗಿ ಬಂದು, ಆಯುಧವೃತ್ತಿಯ ಗಂಡನನ್ನು ಕಳೆದುಕೊಂಡ ಆಕೆ ತನ್ನ ಸಂಪತ್ತಿನಿಂದ ಪೊನ್ನನ ಶಾಂತಿಪುರಾಣದ ಸಾವಿರ ಓಲೆಯ ಪ್ರತಿಗಳನ್ನು ಬರೆಸಿ ಹಂಚಿದಳು. 1007ರಲ್ಲಿ ಲಕ್ಕುಂಡಿಯ ಬಸದಿಯನ್ನು ಕಟ್ಟಿಸಿದಳು. ಅಂದಿನ ದಿನ ಒಂದು ಪ್ರತಿ ಬರೆಸಲು ಲಿಪಿಕಾರನಿಗೆ ತಿಂಗಳುಗಟ್ಟಲೆ ಊಟ ಸಂಬಳ ಕೊಡಬೇಕು. ಸಾವಿರ ಪ್ರತಿಯೆಂದರೆ ಒಂದು ಸಣ್ಣ ದಂಡನ್ನು ಸಾಕಿದಷ್ಟೇ ಖರ್ಚು. ಶಸ್ತ್ರ ಶಾಸ್ತ್ರಗಳಿಗೆ ಬರೆಹದಲ್ಲಿ ಒಂದು ದೀರ್ಘದ ಅಂತರ; ಮಕ್ಕಳು ಪಾಟಿಯ ಮೇಲೆ ಅದನ್ನು ಬಿಟ್ಟು ಬರೆದು ಏಟು ತಿನ್ನುವುದುಂಟು.

ಕಡೆಯದಾಗಿ, ಈಗಾಗಲೇ ಮನೆಯಲ್ಲಿರುವ ಅಜ್ಜನ ಬಂದೂಕಿನ ಪ್ರಶ್ನೆ ಉಳಿಯಿತು. ಹೊಸದನ್ನು ಕೊಳ್ಳುವ ಆಸೆ ಬಿಟ್ಟ ಗೃಹಸ್ಥನು ವ್ರತವನ್ನು ಸ್ಪಷ್ಟವಾದ ಮಾತುಗಳಲ್ಲಿ ತೆಗೆದುಕೊಳ್ಳಬೇಕು. ಆಯುಧಗಳನ್ನು ಕಡಿಮೆಮಾಡುವೆನೆಂದರೆ ಅದು ವ್ರತವಲ್ಲ, ಅಪೇಕ್ಷೆ. ಇರುವ ಒಂದರ ಹೊರತು ಬೇರೆ ಬಂದೂಕು ಕೊಳ್ಳುವುದಿಲ್ಲ. ಇಂತಿಷ್ಟಕ್ಕಿಂತ ಹೆಚ್ಚು ತೋಟೆ ಇಡುವುದಿಲ್ಲ. ತೋಟೆ ಮಾಡುವ ಸಲಕರಣೆಯನ್ನು ತಾನು ತರುವುದಿಲ್ಲ, ತರಿಸುವುದಿಲ್ಲ, ತರುವವರನ್ನು ಒಪ್ಪುವುದಿಲ್ಲ. ಬಂದೂಕನ್ನೂ ತೋಟೆಯನ್ನೂ ಬೇರೆ ಬೇರೆ ಕಡೆ ಬೀಗದೊಳಗೆ ಇಡುತ್ತೇನೆ. ನೆರೆಯವನಿಗೆ ಒಂದು ರಾತ್ರಿಗೂ ಎರವಲು ಕೊಡುವುದಿಲ್ಲ. ಕಡೆಯದು ಹಿಂಸಾದಾನ, ಕಾನೂನಿಗೂ ವಿರುದ್ಧ. ಚಾತುರ್ಮಾಸ್ಯದ ನಾಲ್ಕು ತಿಂಗಳಿಗೆ ಮೊದಲು ತೆಗೆದುಕೊಂಡು, ಒಗ್ಗಿದ ಮೇಲೆ ಯಾವಜ್ಜೀವ ಮಾಡಿಕೊಳ್ಳಬಹುದು.

ಬಂದೂಕನ್ನೇ ಬಿಡಬೇಕೆಂದು ಮನಸ್ಸು ಮಾಡಿದವನಿಗೆ ಒಂದು ಸೂಕ್ಷ್ಮವಿದೆ. ಅದನ್ನು ಒಳ್ಳೆಯ ಬೆಲೆಗೆ ಮಾರಿದರೆ ತನ್ನ ಮನೆಯ ಪಾಪ ಇನ್ನೊಬ್ಬನ ಮನೆಗೆ ಹೋಯಿತೇ ಹೊರತು ಅಳಿಯಲಿಲ್ಲ. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನಿಗೆ ನಿಷೇಧಿಸಿದ ವಿಷವಾಣಿಜ್ಯದಲ್ಲಿ ವಿಷದೊಡನೆ ಆಯುಧದ ಮಾರಾಟವನ್ನೂ ಸೇರಿಸಿರುವರು. ಮಾರದೆ, ಕೊಡದೆ ಬಿಡುವ ಒಂದು ಮಾರ್ಗ ಆಯುಧ ಅಧಿನಿಯಮದ 21ನೆಯ ಕಲಮಿನಲ್ಲಿದೆ. ಪರವಾನಿಗೆಯ ಅವಧಿ ಮುಗಿದಾಗ, ಇಲ್ಲವೆ ಪರವಾನಿಗೆದಾರನು ತೀರಿಕೊಂಡು ಬಂದೂಕು ವಾರಸುದಾರರ ಕೈಗೆ ಬಂದಾಗ, ತಡಮಾಡದೆ ಅದನ್ನು ಸಮೀಪದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಿಗೆಯುಳ್ಳ ವ್ಯಾಪಾರಿಯಲ್ಲಿ ಠೇವಣಿಯಿಡಬೇಕು. ಗೊತ್ತಾದ ಅವಧಿಯೊಳಗೆ ಮರಳಿ ಪಡೆಯದಿದ್ದರೆ ಜಿಲ್ಲಾ ದಂಡಾಧಿಕಾರಿಯ ಆದೇಶದಿಂದ ಅದು ಸರ್ಕಾರಕ್ಕೆ ಸೇರುತ್ತದೆ. ಚುನಾವಣೆಯ ಕಾಲದಲ್ಲಿ ಹಳ್ಳಿಯವರೆಲ್ಲ ಬಂದೂಕುಗಳನ್ನು ಠಾಣೆಗೆ ಒಪ್ಪಿಸಿ ರಸೀದಿ ತರುವುದು ರೂಢಿಯಾಗಿದೆ. ಆ ತಿಂಗಳುಗಳಲ್ಲಿ ಮನೆ ಹೇಗೆ ನಡೆಯಿತೆಂಬುದನ್ನು ಗೃಹಸ್ಥನು ಗಮನಿಸಿದ್ದರೆ, ಪ್ರಯೋಜನವಿದೆಯೇ ಇಲ್ಲವೇ ಎಂಬ ಮೊದಲ ಪ್ರಶ್ನೆಗೆ ಅವನ ಬಳಿಯೇ ಉತ್ತರವಿರುತ್ತದೆ. ರಸೀದಿಯನ್ನು ವ್ರತದ ಪುಸ್ತಕದಲ್ಲಿ ಇಟ್ಟುಕೊಂಡು, ತೋಟೆಗಳನ್ನೂ ಬಂದೂಕಿನೊಡನೆಯೇ ಒಪ್ಪಿಸಿ ಆ ಸಂಖ್ಯೆಯನ್ನೂ ಅದರಲ್ಲಿ ಬರೆಯಿಸಬೇಕು.